ಉತ್ತರ ಗೊತ್ತಿರುವ ಪ್ರಶ್ನೆಗಳು

ನಮ್ಮನೆಯವರು ಬಾಯಿ ಬಿಟ್ಟು ಮಾತಾಡಿದ್ದು ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹೊಲಿಗೆ ಯಂತ್ರಗಳ ರಿಪೇರಿ ಅವರ ಕೆಲಸ. ಗಿರಾಕಿ ಹತ್ತು ಮಾತಾಡಿದರೆ ಇವರು ಒಂದು ‘ಹೂಂ’ ಎಂದು ಎಣ್ಣೆ ಬಿಡುತ್ತಿದ್ದರು. ಅಂಗಡಿಯ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಗಿ, ಏಳು ತಿಂಗಳಿಂದ ಕಣ್ಣು ತೆರೆದುಕೊಂಡೇ ಏನನ್ನೂ ನೋಡದೆ ಮಲಗಿದ್ದಾರೆ. ‘ಒಳಗೆ ಎಚ್ಚರವಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ’ ಎಂದು ಡಾಕ್ಟರು ಹೇಳಿದಾಗ ನನಗೆ ರೇಗಿಹೋಯಿತು. ಈ ಮನುಷ್ಯನ ಒಳಗೆ ಏನಿದೆ ಅಂತ ಮೂವತ್ನಾಲ್ಕು ವರ್ಷದಿಂದ ನನಗೇ ಗೊತ್ತಾಗಿಲ್ಲ.

ಅದನ್ನು ಪತ್ತೆ ಮಾಡಲೆಂದೇ ಆಸ್ಪತ್ರೆಗೆ ಒಂದು ಯಂತ್ರ ಬಂದಿತ್ತು. ತಲೆಗೆ ತಂತಿಗಳ ಟೋಪಿ ಹಾಕಿದರೆ ಮಿದುಳಿನ ಅಲೆಗಳನ್ನು ಕಂಪ್ಯೂಟರ್ ಓದುತ್ತದೆ. ಬಲಗೈ ಮುಷ್ಟಿ ಬಿಗಿದಂತೆ ಮನಸ್ಸಿನಲ್ಲೇ ಅಂದುಕೊಂಡರೆ ‘ಹೌದು’, ಕಾಲ್ಬೆರಳು ಮಡಚಿದಂತೆ ಅಂದುಕೊಂಡರೆ ‘ಇಲ್ಲ’. ಯಂತ್ರ ನಡೆಸುವವಳನ್ನು ನಾನು ಟೋಪಿ ಹುಡುಗಿ ಎಂದೇ ಕರೆಯುತ್ತಿದ್ದೆ. “ಇಷ್ಟು ವರ್ಷ ಇವರು ನಂಗೆ ಟೋಪಿ ಹಾಕಿದ್ರು, ಈಗ ನೀನು ಇವರಿಗೆ ಹಾಕು” ಎಂದರೆ, ಪಾಪ, ನಗು ತಡೆದುಕೊಂಡು ನೆತ್ತಿಗೆ ಜೆಲ್ ಹಚ್ಚುತ್ತಿದ್ದಳು.

ಮೊದಲು ಕೇಳುವುದು ನಮಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು. ಅಂಗಡಿಯ ಬಾಗಿಲು ಹಸಿರಾ, ನಿಮಗೆ ಈಜು ಬರುತ್ತಾ, ಹೀಗೆ ಹತ್ತು. ಪಟ್ಟಿ ಬರೆದುಕೊಟ್ಟವಳು ನಾನೇ. ಮೂರು ದಿನದಲ್ಲಿ ಒಂದು ದಿನವಾದರೂ ಎಂಟು ಸರಿ ಬರಬೇಕು. ಬರದಿದ್ದರೆ ಟೋಪಿ ಪಕ್ಕದ ಮಂಚಕ್ಕೆ, ಇವರು ಮೇಲಿನ ವಾರ್ಡಿಗೆ. ಅಲ್ಲಿ ಮಗ್ಗುಲು ಬದಲಿಸುತ್ತಾರೆ, ನಳಿಕೆಯಲ್ಲಿ ಉಣಿಸುತ್ತಾರೆ, ಯಾರೂ ಏನನ್ನೂ ಕೇಳುವುದಿಲ್ಲ.

ಮೊದಲ ದಿನ ಆರು ಬಂತು. ಎರಡನೆಯ ದಿನವೂ ಆರೇ. ಮೂರನೆಯ ದಿನ ಏಳು.

“ಒಂದು ವಿಚಿತ್ರ ಅಮ್ಮ,” ಎಂದಳು ಹುಡುಗಿ. “ಬೇರೆ ಪ್ರಶ್ನೆ ಒಂದಿನ ಸರಿ, ಒಂದಿನ ತಪ್ಪು. ಆರನೇದು ಮಾತ್ರ ಮೂರು ದಿನವೂ ತಪ್ಪು. ಅದೂ ಎಲ್ಲಕ್ಕಿಂತ ಗಟ್ಟಿಯಾಗಿ.”

“ಯಾವುದೇ ಅದು?”

“ನಿಮಗೆ ಇಬ್ಬರು ಮಕ್ಕಳಾ, ಅಂತ. ಮೂರು ಸಲಾನೂ ಇಲ್ಲ ಅಂದಿದ್ದಾರೆ.”

ಪಟ್ಟಿ ಇಸಿದುಕೊಂಡು ನೋಡಿದೆ, ನನ್ನದೇ ಅಕ್ಷರ.

ಶಾಲೆಯ ಅರ್ಜಿಯಿಂದ ಹಿಡಿದು ಎಲ್ಲ ಕಡೆಯೂ ಇಬ್ಬರೆಂದೇ ಬರೆದು ಕೈಗೆ ರೂಢಿಯಾಗಿದೆ. ಆದರೆ ನಾವು ‘ದೊಡ್ಡವನು’ ಎಂದು ಕರೆಯುವ ಮಗನಿಗಿಂತ ಮುಂಚೆ ಒಂದು ಹೆಣ್ಣು ಹುಟ್ಟಿತ್ತು. ಹನ್ನೊಂದು ದಿನ ಇತ್ತು. ಬಟ್ಟೆಯಲ್ಲಿ ಸುತ್ತಿ ಇವರೇ ಎತ್ತಿಕೊಂಡು ಹೋದರು, ಬರಿಗೈಯಲ್ಲಿ ಬಂದರು, ಮರುದಿನ ಅಂಗಡಿ ತೆಗೆದರು. ಅವಳ ಬಗ್ಗೆ ಒಂದು ಮಾತು, ಒಂದೇ ಒಂದು ಮಾತು ಇವರ ಬಾಯಿಂದ ಬರಲಿ ಎಂದು ಎಷ್ಟು ಹಂಬಲಿಸಿದೆನೋ ನನಗೇ ಗೊತ್ತು. ಮರೆತೇಬಿಟ್ಟಿದ್ದಾರೆ, ಕಲ್ಲು ಮನುಷ್ಯ ಎಂದುಕೊಂಡು, ಆ ಸಂಕಟಕ್ಕೆ ಎಷ್ಟೋ ಸಲ ಊಟದ ತಟ್ಟೆಯನ್ನು ಇವರ ಮುಂದೆ ಕುಕ್ಕಿದ್ದೇನೆ. ಈಗ ನೋಡಿದರೆ, ನನ್ನ ಹತ್ತಿರ ಹೇಳದ್ದನ್ನು ಹೋಗಿ ಹೋಗಿ ಒಂದು ಕಂಪ್ಯೂಟರಿಗೆ ಹೇಳಿದ್ದಾರೆ.

ಹುಡುಗಿಗೆ ಎಲ್ಲ ಹೇಳಿದೆ. “ಉತ್ತರ ಬಂದ್ಮೇಲೆ ಪಟ್ಟಿ ತಿದ್ದೋ ಹಾಗಿಲ್ಲ ಅಮ್ಮ” ಎಂದಳು.

“ತಪ್ಪು ಬರೆದೋಳು ನಾನು. ಫೇಲ್ ಆಗೋದು ಅವರಾ?”

ಅವಳು ಡಾಕ್ಟರಿಗೆ ಫೋನು ಮಾಡಿದಳು. ತಪ್ಪು ಪ್ರಶ್ನೆ ತೆಗೆದು ಹೊಸದು ಹಾಕಿ, ಹತ್ತನ್ನೂ ಹಿಂದೆಮುಂದೆ ಮಾಡಿ, ಇನ್ನೊಂದೇ ಸಲ ಕೇಳಲು ಅವರು ಒಪ್ಪಿದರು. ನನ್ನನ್ನು ಬಾಗಿಲ ಹತ್ತಿರ ಕೂರಿಸಿ, ಉಸಿರೆತ್ತಬೇಡಿ ಎಂದಳು ಹುಡುಗಿ. ‘ನಿಮಗೆ ಮೂವರು ಮಕ್ಕಳಾ?’ ಎಂಬುದು ಒಂಬತ್ತನೆಯದಾಗಿ ಬಂತು. ತೆರೆಯ ಮೇಲಿನ ಹಸಿರು ಗೆರೆ ನಿಧಾನಕ್ಕೆ ಬಲಕ್ಕೆ ಸರಿದು ‘ಹೌದು’ ಎಂಬಲ್ಲಿ ನಿಂತಿತು. ಒಟ್ಟು ಎಂಟು ಸರಿ.

ನಾನು ಬಿಕ್ಕಿಬಿಕ್ಕಿ ಅತ್ತೆ. ಹುಡುಗಿ ನೀರು ಕೊಟ್ಟಳು.

“ಇನ್ಮೇಲೆ ನಿಮಗೆ ಬೇಕಾದ್ದು ಕೇಳಬಹುದು. ಎಲ್ಲರೂ ಮೊದಲು ನೋವಿದ್ಯಾ ಅಂತ ಕೇಳ್ತಾರೆ.”

ಕೇಳಿದೆ. ಇಲ್ಲ ಎಂದರು. ಜೀವಕ್ಕೆ ಸಮಾಧಾನವಾಯಿತು. ಆಮೇಲೆ ಮಕ್ಕಳು ನಾಳೆ ಬರುವ ವಿಷಯ ಹೇಳಬೇಕೆಂದಿದ್ದೆ, ಬಾಯಿಂದ ಬಂದದ್ದೇ ಬೇರೆ. ನಮ್ಮ ಮಗು ಹೆಸರಿಡುವ ಮುಂಚೆಯೇ ಹೋಗಿತ್ತು.

“ರೀ, ಅವಳಿಗೆ ಇಂಥ ಹೆಸರಿಡಬೇಕು ಅಂತ ನಿಮ್ಮ ಮನಸ್ಸಲ್ಲಿ ಇತ್ತಾ?”

ಹುಡುಗಿ ಗುಂಡಿ ಒತ್ತಲು ಹಿಂಜರಿದಳು. “ಇದಕ್ಕೆ ಸರಿ ಉತ್ತರ ನಮ್ಮ ಹತ್ರ ಇಲ್ವಲ್ಲ ಅಮ್ಮ.”

“ನನ್ನ ಹತ್ರನೂ ಇಲ್ಲ ಕಣೇ. ಅದಕ್ಕೇ ಕೇಳ್ತಿರೋದು.”

ಒತ್ತಿದಳು. ಗೆರೆ ಅಲುಗಾಡಿತು, ನಿಂತಿತು, ಮತ್ತೆ ಹೊರಟಿತು. ಹೌದು.

ನಾನು ಸ್ಟೂಲನ್ನು ಇವರ ಕಿವಿಯ ಹತ್ತಿರಕ್ಕೆ ಎಳೆದುಕೊಂಡು, ಬಾಯಿಗೆ ಬಂದ ಮೊದಲ ಹೆಸರು ಹೇಳಿದೆ. ಇಲ್ಲ. ಇನ್ನೊಂದು ಹೇಳಿದೆ. ಇಲ್ಲ. ಮೂರನೆಯದಕ್ಕೆ ಗೆರೆ ಯಾವ ಕಡೆಗೂ ಕದಲಲಿಲ್ಲ. ಸುಸ್ತಾಗಿದ್ದಾರೆ ಎಂದು ಹುಡುಗಿ ಟೋಪಿ ಬಿಚ್ಚಿದಳು.

“ನಾಳೆ ಎಷ್ಟು ಕೇಳಬಹುದು?”

“ಹತ್ತು.”

ಅವಳಿಂದ ಒಂದು ಹಾಳೆ ಇಸಿದುಕೊಂಡು, ಅಲ್ಲೇ ಕೂತು ನಾಳೆಯ ಹತ್ತು ಹೆಸರು ಬರೆಯತೊಡಗಿದೆ. ಹನ್ನೊಂದು ದಿನದ ಆ ಮುಖಕ್ಕೆ ಬರೆದ ಪ್ರತಿಯೊಂದು ಹೆಸರೂ ಒಪ್ಪುತ್ತಿತ್ತು.