ಎದೆಯ ಬಿಳಿ ಪಟ್ಟೆ

ಫೋಟೋ ನೋಡಿಕೊಂಡು ಜನರ ಸಾಕುನಾಯಿಗಳನ್ನು ಜಲವರ್ಣದಲ್ಲಿ ಬರೆದುಕೊಡುವುದು ಅವಳ ಕಸುಬು. ಇಂಥ ಕಸುಬಿಗೆ ಅನುಮಾನದ ಬುದ್ಧಿ ಬೇಕಾಗಿಲ್ಲ, ಆದರೆ ಇವಳಿಗೆ ಅದು ಧಾರಾಳವಾಗಿಯೇ ಇತ್ತು. ಗಡಿಯಾರ ರಿಪೇರಿಯವನು ಕಳಿಸಿದ ಫೋಟೋಗಳನ್ನು ಮೊಬೈಲಿನಲ್ಲಿ ತೆರೆದದ್ದೇ ತಡ, ಎದೆ ಧಸಕ್ಕೆಂದಿತು. ಕಂದು ಮೈ, ಅರ್ಧ ಮಡಿಸಿದ ಕಿವಿ, ಹುಬ್ಬಿನ ಜಾಗದಲ್ಲಿ ಕಪ್ಪು ಬೊಟ್ಟು. ಅಕ್ಕನ ಗುಂಡನೇ!

ಹೋದ ವರ್ಷ ಅಕ್ಕ ಆಪರೇಷನ್ನಿಗೆ ಹೋಗುವಾಗ ಗುಂಡನನ್ನು ಇವಳ ಮನೆಯಲ್ಲಿ ಬಿಟ್ಟಿದ್ದಳು. ಒಂದು ಸಂಜೆ ನೋಡಿದರೆ ಗೇಟು ತೆರೆದಿತ್ತು, ನಾಯಿ ಇರಲಿಲ್ಲ. ಇವಳ ಗಂಡ ಬೀದಿಬೀದಿ ಅಲೆದು, ಗುಂಡಾ ಗುಂಡಾ ಎಂದು ಕೂಗಿ ಗಂಟಲು ಕಟ್ಟಿಸಿಕೊಂಡು ಬಂದ. ಹಾಸಿಗೆ ಬಿಟ್ಟೆದ್ದ ಅಕ್ಕ ಮುಖಕ್ಕೆ ಹೊಡೆದ ಹಾಗೆ ಅಂದಳು: "ನಿನ್ನ ಗಂಡನೇ ಅದನ್ನ ಎಲ್ಲೋ ಸಾಗಹಾಕಿದಾನೆ."

ಇವಳು ಕೆಂಡವಾದಳು. "ಅವರ ಸುದ್ದಿಗೆ ಬಂದ್ರೆ ನೀನು ನನಗೆ ಅಕ್ಕನೇ ಅಲ್ಲ." ಅಲ್ಲಿಗೆ ಒಡಹುಟ್ಟಿದವರ ಮಾತುಕತೆ ನಿಂತಿತು. ಅಕ್ಕನ ಮಾತಿಲ್ಲದೆ ಅವಳಿಗೆ ಯಾವುದೂ ರುಚಿಸುತ್ತಿರಲಿಲ್ಲ. ಈಗ ಕಳ್ಳನನ್ನು ಹಿಡಿದರೆ ಗಂಡನ ಮೇಲಿನ ಅಪವಾದ ಹೋಗುತ್ತದೆ, ಅಕ್ಕನೂ ಸಿಗುತ್ತಾಳೆ.

ಅವಳು ಗಡಿಯಾರದವನಿಗೆ ಫೋನ್ ಮಾಡಿದಳು. "ಎಲ್ಲ ಫೋಟೋನೂ ಪಕ್ಕದಿಂದಲೇ ತೆಗ್ದಿದೀರಲ್ಲ?"

"ಏನ್ಮಾಡ್ಲಿ ಮೇಡಂ, ಮೊಬೈಲ್ ಎತ್ತಿದ್ರೆ ಸಾಕು, ಮುಖ ತಿರುಗಿಸ್ಬಿಡುತ್ತೆ. ನೀವೇ ನಮ್ಮ ಕಡೆ ನೋಡೋ ಹಾಗೆ ಬರ್ದುಕೊಡಿ."

ಬಾಯಿಗೆ ಬೆರಳಿಟ್ಟರೆ ಕಚ್ಚಲಾರದವನ ದನಿ. ಗುಂಡನೂ ಹಾಗೇ ಮುಖ ತಿರುಗಿಸುತ್ತಿದ್ದ. ಎದೆ ಕಾಣಬಾರದೆಂದು ಬೇಕೆಂದೇ ಹೀಗೆ ತೆಗೆದಿದ್ದಾನೆ, ಖದೀಮ! ನಾಯಿ ತಾನಾಗಿ ಮುಖ ತಿರುಗಿಸುವುದು, ಇವನು ಬೇಕೆಂದೇ ಮರೆಮಾಡುವುದು, ಎರಡೂ ಒಟ್ಟಿಗೆ ನಿಜವಾಗಲಾರದೆಂಬುದು ಅವಳಿಗೆ ಹೊಳೆಯಲಿಲ್ಲ. ಗುಂಡನ ಎದೆಯ ಮೇಲೆ ಓರೆಯಾಗಿ ಇಳಿದು, ತುದಿಯಲ್ಲಿ ಕವಲೊಡೆದ ಬಿಳಿ ಪಟ್ಟೆಯೊಂದಿತ್ತು.

ಗಂಡನಿಗೆ ಫೋಟೋ ತೋರಿಸಿದಳು. ಅವನು ಸರಿಯಾಗಿ ನೋಡಲೂ ಇಲ್ಲ. "ಕಂದು ನಾಯಿ ಕಂಡ್ರೆಲ್ಲ ನಿಂಗೆ ಗುಂಡನೇ. ನನ್ನ ಕೈಲಿ ಆಗಲ್ಲ ಅಂತ ಹೇಳ್ಬಿಡು ಅವನಿಗೆ." ಪಾಪ, ಹಳೆಯ ನೋವು ಕೆದಕಿದೆನಲ್ಲ ಎಂದು ಇವಳಿಗೇ ಕನಿಕರವಾಯಿತು.

ಅವಳು ಬಿಳಿ ಬಣ್ಣ ಮುಟ್ಟುವವಳಲ್ಲ. ಬಿಳಿ ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಡಬೇಕು, ಅದನ್ನು ಮೊದಲೇ ತೀರ್ಮಾನಿಸಬೇಕು. ಕುಂಚ ಅದ್ದುವ ಮುಂಚೆಯೇ ಪೆನ್ಸಿಲಿನಲ್ಲಿ ಆ ಪಟ್ಟೆಯ ಅಂಚು ಎಳೆದು, ಸುತ್ತಲೂ ತಿಳಿಗಂದು ಹರಿಸಿದಳು. ಒಣಗಿದ ಮೇಲೆ ಗಾಢ ಕಂದು. ಅವನ ನಾಯಿ ಬೇರೆಯಾದರೆ, ಇದೇನು ತಪ್ಪು ಬರೆದಿದ್ದೀರಿ ಅನ್ನುತ್ತಾನೆ. ಗುಂಡನೇ ಆದರೆ ಸಿಕ್ಕಿಬೀಳುತ್ತಾನೆ.

ಚಿತ್ರ ಒಯ್ಯಲು ಗಡಿಯಾರದವನು ಬಂದ ಸಂಜೆ ಅವಳು ಮೈಯೆಲ್ಲ ಕಣ್ಣಾಗಿ ನಿಂತಿದ್ದಳು. ಅವನು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ, ಮುಖ ಅರಳಿತು.

"ಅರೆ! ಈ ಪಟ್ಟೆ ಫೋಟೋದಲ್ಲಿ ಇರ್ಲೇ ಇಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಅದು ನಮ್ಮಕ್ಕನ ನಾಯಿ. ಎಲ್ಲಿಂದ ಕದ್ರಿ ಹೇಳಿ, ಇಲ್ಲಾಂದ್ರೆ ಪೊಲೀಸರನ್ನ ಕರೀತೀನಿ."

ಅವನು ಕಕ್ಕಾಬಿಕ್ಕಿಯಾದ. "ದೇವರಾಣೆ ಕದ್ದಿಲ್ಲ ಮೇಡಂ. ವಾಚಿಗೆ ಪಟ್ಟಿ ಹಾಕಿಸೋಕೆ ಬಂದಿದ್ದೋರೊಬ್ರು, ಸಾಕೋಕೆ ಆಗ್ತಿಲ್ಲ ಅಂತ ಕೊಟ್ರು. ಅದರ ತಟ್ಟೆ, ಹೊದಿಕೆ ಎಲ್ಲ ಆಮೇಲೆ ತಂದುಕೊಟ್ರು."

ತಟ್ಟೆ, ಹೊದಿಕೆ. ಗುಂಡ ಕಾಣೆಯಾದ ಮೇಲೆ ಅವನ್ನು ಅಕ್ಕನ ಮನೆಗೆ ಮುಟ್ಟಿಸಿ ಬಂದೆ ಎಂದಿದ್ದ ಗಂಡ. ಅಷ್ಟರಲ್ಲಿ ಬಾಗಿಲು ತೆರೆದು ಗಂಡ ಒಳಗೆ ಬಂದ. ಗಡಿಯಾರದವನು ಬದುಕಿದೆಯಾ ಬಡಜೀವವೇ ಎನ್ನುವ ಹಾಗೆ ಎದ್ದು ನಿಂತ.

"ಸಾರ್, ನೀವಾ! ಒಳ್ಳೇ ಹೊತ್ತಿಗೆ ಬಂದ್ರಿ, ಸ್ವಲ್ಪ ಹೇಳಿ ಇವರಿಗೆ. ನೀವು ಕೊಟ್ಟ ನಾಯಿ ಸಾರ್, ಮಗುವಿನ ಹಾಗೆ ನೋಡ್ಕೊಂಡಿದೀನಿ."

ಗಂಡ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡಲು ಮರೆತು ನಿಂತ. "ಆಪರೇಷನ್ ಆದ್ಮೇಲೆ ನಿಮ್ಮಕ್ಕನ ಕೈಲಿ ಸಾಕೋಕೆ ಆಗಲ್ಲ, ನಮ್ಮ ತಲೆಗೇ ಕಟ್ತಾರೆ ಅಂತ..."

ಅವಳಿಗೆ ಕೋಪಕ್ಕಿಂತ ಮೊದಲು ನಾಚಿಕೆಯಾಯಿತು. ಊರಲ್ಲಿರುವವರನ್ನೆಲ್ಲ ಅನುಮಾನಿಸುವವಳು ಈ ಒಬ್ಬನನ್ನು ಬಿಟ್ಟಿದ್ದಳು. ಫೋನ್ ಎತ್ತಿಕೊಂಡಳು. ಅಕ್ಕ ತೆಗೆಯುತ್ತಾಳೋ ಇಲ್ಲವೋ ಎಂದು ಜೀವ ಹಿಡಿದುಕೊಂಡು ನಿಂತಳು. ಅಕ್ಕ ತೆಗೆದಳು.

"ಅಕ್ಕಾ, ನೀನು ಹೇಳಿದ್ದೇ ನಿಜ. ಗುಂಡನ್ನ ಕೊಟ್ಟುಬಿಟ್ಟಿದ್ದು ಇವರೇ."

ನಾನು ಹೇಳಲಿಲ್ಲವಾ ಎನ್ನುತ್ತಾಳೆ, ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದು ಕಾದಳು. ಆ ಕಡೆಯಿಂದ ಅಕ್ಕ ಕೇಳಿದ್ದು ಇಷ್ಟೇ.

"ಅಂದ್ರೆ, ಗುಂಡ ಬದುಕಿದಾನಾ?"