ಎಲುಬು ಯಾರದ್ರಿ?

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಐನಾಪುರದ ಕುಸುಮ ಒಣದ್ರಾಕ್ಷಿ ಶೆಡ್ಡಿನ ಮೆಟ್ಟಿಲಲ್ಲಿ ಜಾರಿ, ಮೇಲಿನ ಎರಡು ಮುಂಬಲ್ಲು ಕಳೆದುಕೊಂಡಲ್ಲಿಂದಲೇ? ಅದಾಗಿ ಮೂರು ವರ್ಷ. ಅಥವಾ ಅಥಣಿಯ ದಂತವೈದ್ಯೆ ಸ್ನೇಹಲ ಅವಳ ದವಡೆಯ ಸ್ಕ್ಯಾನ್ ತೋರಿಸಿದಲ್ಲಿಂದಲೇ? ಹಲ್ಲಿದ್ದ ಜಾಗದ ಎಲುಬು ಸವೆದು, ಹೊಳೆ ಕೊರೆದ ದಂಡೆಯಂತೆ ಒಳಸರಿದಿತ್ತು. (ಹೋಲಿಕೆ ನನ್ನದು. ಕುಸುಮಳಿಗೆ ಬರೀ ಮಂಜು ಕಂಡಿತು.)

"ಕಾಕೂ, ಇಂಪ್ಲಾಂಟ್ ಹಾಕಾಕ ಎಲುಬ ಸಾಲೂದಿಲ್ರಿ," ಎಂದಳು ಸ್ನೇಹಲ. "ಮೊದಲ ಅಲ್ಲಿ ಎಲುಬಿನ ಪುಡಿ ತುಂಬಿ ಕಸಿ ಮಾಡಬೇಕು. ಅದು ಗಟ್ಟಿ ಆಗಾಕ ಆರು ತಿಂಗಳ. ಆಮ್ಯಾಲ ಹಲ್ಲು."

ಸರಿ, ಇಲ್ಲಿಂದಲೇ.

೨
ಕುಸುಮ ತಲೆಯಾಡಿಸಿದಳು. ಪುಡಿ ತುಂಬಿದರು. ಹಲ್ಲು ಬಂತು. ನಕ್ಕಳು.

೨ (ಮತ್ತೊಮ್ಮೆ)
ಮೇಲಿನದನ್ನು ಹೊಡೆದುಹಾಕಿ. ಕುಸುಮ ತಲೆಯಾಡಿಸಲೇ ಇಲ್ಲ.

"ಎಲುಬು ಯಾರದ್ರಿ?" ಎಂದು ಕೇಳಿದಳು.

(ಈ ಮಾತನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ. ನಾಲ್ಕು ಸಾಲಲ್ಲಿ ಮುಗಿಸಿ ಚಹಾಕ್ಕೆ ಏಳುವ ಪ್ಲಾನ್ ನನ್ನದು.)

ಸ್ನೇಹಲ ಸುಳ್ಳು ಹೇಳಲಿಲ್ಲ. "ದನದ್ದು, ಕಾಕೂ. ಪೂರಾ ಶುದ್ಧ ಮಾಡಿರ್ತಾರ."

ಕುಸುಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜೈನರ ಮನೆಯ ಹೆಣ್ಣುಮಗಳು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟಿದವಳಲ್ಲ, ಇರುವೆ ಸಾಲು ಕಂಡರೆ ಕಸಬರಿಗೆಯನ್ನೇ ಎತ್ತಿ ಹಿಡಿಯುವವಳು. ಪಕ್ಕದಲ್ಲಿದ್ದ ಗಂಡ ತವನಪ್ಪ ಕೆಮ್ಮಿದ.

"ಕೇಳಬಾರದಿತ್ತು ನೀ. ನಮ್ಮ ತ್ವಾಟದಾಗ ದ್ರಾಕ್ಷಿ ಕಸಿ ಕಟ್ಟೂದಿಲ್ಲೇನು? ಬೇರು ಯಾವ ಜಾತೀದರ ಇರಲಿ, ಹಣ್ಣು ನಮ್ದ."

"ಬಳ್ಳಿಗಿ ಬಾಯಿಲ್ರಿ, ಅದು ಕೇಳೂದಿಲ್ಲ. ನನಗ ಐತಿ."

ಸ್ನೇಹಲ ಸ್ಕ್ಯಾನನ್ನು ಮತ್ತೊಮ್ಮೆ ನೋಡಿದಳು. "ಫ್ಯಾಕ್ಟರಿದಾಗ ಮಾಡಿದ ಪುಡೀನೂ ಐತಿ. ಖರೇ ಹೇಳ್ತೀನಿ, ಇಷ್ಟ ದೊಡ್ಡ ತೆಗ್ಗಿಗಿ ನನಗ ಅದರ ಭರವಸಾ ಇಲ್ಲ. ಇನ್ನೊಂದ ಹಾದಿ ಅಂದ್ರ ನಿಮ್ಮ ಗದ್ದದ ಎಲುಬಿಂದನ ಒಂದ ಚೂರ ತಗಿಯೂದು. ಎರಡ ಕಡೆ ಗಾಯ ಆಗತೈತಿ. ಗದ್ದ ತಿಂಗಳಗಟ್ಟಲೆ ಜೋಮ ಹಿಡದಂಗ ಇರಬಹುದು."

"ನಂದ ತಗೀರಿ," ಎಂದಳು ಕುಸುಮ.

ತವನಪ್ಪ ಐನಾಪುರ ಮುಟ್ಟುವವರೆಗೂ ಮಾತಾಡಲಿಲ್ಲ.

೩
ಇಲ್ಲಿ ನಾನೇ ಮಧ್ಯೆ ಬಾಯಿ ಹಾಕಿದೆ. "ಕುಸುಮಕ್ಕ, ಎರಡು ಹಲ್ಲಿಗೆ ಇಷ್ಟು ದೊಡ್ಡ ಹಠವೇ? ಓದುಗರು ಒಪ್ಪಲಿಕ್ಕಿಲ್ಲ."

"ಓದವ್ರ ಗದ್ದ ಏನ ಕೊಯ್ಯೂದಿಲ್ಲಲ್ರಿ? ಸುಮ್ನ ಬರೀರಿ."

(ಬರೆಯುತ್ತಿದ್ದೇನೆ.)

೪
ಮುಖದ ಮೇಲೆ ಹಸಿರು ಬಟ್ಟೆ. ನೋವಿರಲಿಲ್ಲ, ಸದ್ದಿತ್ತು, ದೂರದ ಗಿರಣಿಯಂತೆ, ಆದರೆ ತಲೆಯೊಳಗೇ. ಕುಸುಮ ಕಣ್ಣು ಮುಚ್ಚಿದಳು. ಕೃಷ್ಣೆಯಲ್ಲಿ ಮೊಣಕಾಲುದ್ದ ನೀರು. ಅವಳು ಈಚೆ ದಂಡೆಯ ಮಣ್ಣನ್ನು ಬೊಗಸೆಯಲ್ಲಿ ಹೊತ್ತು ಆಚೆ ದಂಡೆಗೆ ಹಾಕುತ್ತಿದ್ದಾಳೆ. ಹೊಳೆ ಸರಿದು ಹಾದಿ ಬಿಡುತ್ತಿದೆ. ಒಂದು ಬೊಗಸೆ, ಮತ್ತೊಂದು. ಮಣ್ಣು ಬೆಳ್ಳಗಿದೆ, ಬೆಚ್ಚಗಿದೆ. ಯಾರದಿದು ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ.

"ಆತ್ರಿ ಕಾಕೂ," ಎಂದಳು ಸ್ನೇಹಲ, ಬಹಳ ದೂರದಿಂದ.

೫
ಹೊಲಿಗೆ ಬಿಚ್ಚಿದರು, ಬಾವು ಇಳಿಯಿತು, ಗದ್ದದ ಜೋಮು ಮಾತ್ರ ಉಳಿಯಿತು. ಹೊತ್ತು ಮುಳುಗುವ ಮುಂಚೆ ತವನಪ್ಪನೇ ಗಂಜಿ ಕಾಯಿಸಿ ತರುತ್ತಿದ್ದ. (ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವನು ಒಲೆ ಹಚ್ಚಿದ್ದು ಇದೇ ಮೊದಲು. ಮೊದಲ ದಿನದ ಗಂಜಿಯ ಬಗ್ಗೆ ಬರೆಯುವುದು ಬೇಡ ಎಂದು ಕುಸುಮ ಹೇಳಿದ್ದಾಳೆ.) ಗಂಜಿ ಗದ್ದದ ಮೇಲಿಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಅವನು ಹೆಬ್ಬೆರಳಿನಿಂದ ಒರೆಸುತ್ತಿದ್ದ.

"ಈಗರ ಗೊತ್ತಾತೇನು?"

"ಇಲ್ರಿ."

ಎರಡನೆಯ ತಿಂಗಳಲ್ಲಿ ಒಂದು ದಿನ, ಒರೆಸಿದ ಕೈ ನೋಡಿಕೊಳ್ಳುತ್ತ ಅವನೇ ಹೇಳಿದ: "ಅವತ್ತ ಅಥಣಿಯಿಂದ ಬರೂಮುಂದ ನನಗ ಸಿಟ್ಟ ಬಂದಿರಲಿಲ್ಲ. ಅಂಜಿಕಿ ಬಂದಿತ್ತು. ಎರಡ ಗಾಯ ಅಂದ್ರಲ್ಲ."

ಕುಸುಮ ಗಂಜಿ ಪೂರ್ತಿ ಕುಡಿದಳು.

೬
ಆರನೆಯ ತಿಂಗಳಲ್ಲಿ ನಾನು ಎರಡು ಮುಕ್ತಾಯ ಬರೆದು ಅವಳ ಮುಂದಿಟ್ಟೆ. ಒಂದರಲ್ಲಿ ಕಸಿ ಕೂಡಿ ದವಡೆ ಗಟ್ಟಿಯಾಗುತ್ತದೆ. ಇನ್ನೊಂದರಲ್ಲಿ ಹಾಕಿದ ಚೂರು ಕರಗಿ, ಸ್ನೇಹಲ ಮತ್ತೆ ಮೊದಲಿನಿಂದ ಮಾತು ತೆಗೆಯುತ್ತಾಳೆ. ಆರಿಸಿಕೊಳ್ಳಿ ಅಂದೆ.

"ಎಲುಬ ಇನ್ನೂ ಕೂಡಾಕತ್ತೈತಿ. ಅದಕ್ಕಿಲ್ಲದ ಗಡಿಬಿಡಿ ನಿಮಗ್ಯಾಕ್ರಿ? ಏಳ್ರಿ, ನಮ್ಮ ಉಣ್ಣೂ ಹೊತ್ತಾತು."

ಎದ್ದೆ. ಆದರೆ ಹೊಸ್ತಿಲಲ್ಲೇ ನಿಂತೆ. (ಕದ್ದು ನೋಡುವುದು ನಮ್ಮ ಕಸುಬು.)

ಅವತ್ತು ಬೇಳೆಸಾರು. ತುತ್ತು ಜಾರಿತು, ತವನಪ್ಪ ಕೈ ಚಾಚಿ ಗದ್ದ ಒರೆಸಿದ. ಈ ಸಲ ಗೊತ್ತಾತೇನು ಎಂದು ಕೇಳುವುದನ್ನು ಮರೆತಿದ್ದ. ಕುಸುಮ ಅವನ ಮಣಿಕಟ್ಟು ಹಿಡಿದಳು.

"ರೀ, ಎಷ್ಟ ಒರಟ ಆಗೈತಿ ನಿಮ್ಮ ಬೆರಳ."

ಅವನು ಕೈ ತೆಗೆಯಲಿಲ್ಲ. ಅವಳೂ ಬಿಡಲಿಲ್ಲ.

ಎಲುಬು ಕೂಡಿತೋ ಇಲ್ಲವೋ ತೋರಿಸುವ ಸ್ಕ್ಯಾನ್ ಇರುವುದು ಸೋಮವಾರ. ಇವತ್ತಿನ್ನೂ ಗುರುವಾರ.