ಅಕ್ಕನ ಅಳತೆಯ ಕಾರು

ಟೇಪಮ್ಮ ಎಂದರೆ ಆ ಬೀದಿಗೆಲ್ಲ ಗೊತ್ತು. ಬೆಳಿಗ್ಗೆ ಅಳತೆ ಟೇಪು ಕೊರಳಿಗೆ ಬಿತ್ತೆಂದರೆ ಮಲಗುವಾಗಲೇ ತೆಗೆಯುವುದು. ಒಮ್ಮೊಮ್ಮೆ ಆಗಲೂ ಮರೆಯುವುದುಂಟು. ಮೂವತ್ತು ವರ್ಷ ಊರವರ ಕೋಟು, ಗೌನು, ಶಾಲೆ ಸಮವಸ್ತ್ರ ಹೊಲಿದು, ಐವತ್ತೆರಡನೇ ವಯಸ್ಸಿಗೆ ಡ್ರೈವಿಂಗ್ ಲೈಸೆನ್ಸ್ ಪಡೆದ ಈ ಹೆಂಗಸಿಗೆ ಈಗೊಂದು ಹಳೇ ಕಾರು ಬೇಕಾಗಿತ್ತು. ಷೋಕಿಗಲ್ಲ ಮಾರಾಯರೇ, ಅಕ್ಕನಿಗಾಗಿ.

ಅಕ್ಕನ ಎಡ ಮಂಡಿ ಆಪರೇಷನ್ ಆದ ಮೇಲೆ ಮಡಚುವುದನ್ನೇ ಬಿಟ್ಟಿತ್ತು. ಕೋಲು ಹಿಡಿದು ಮನೆ ತುಂಬ ಓಡಾಡುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಗಂಡನನ್ನು ಗದರುತ್ತಿದ್ದಳು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಎರಡು ವರ್ಷದ ಹಿಂದೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹತ್ತಲಾಗದೆ ಒದ್ದಾಡುತ್ತಿದ್ದಾಗ ಡ್ರೈವರು, ಪಾಪ, ಒಳ್ಳೇ ಮನಸ್ಸಿನಿಂದಲೇ, ಅವಳನ್ನು ಅನಾಮತ್ತಾಗಿ ಎತ್ತಿ ಸೀಟಿನ ಮೇಲೆ ಕೂರಿಸಿಬಿಟ್ಟಿದ್ದ. ಸುತ್ತ ನಿಂತವರು ನೋಡಿದ್ದರು. ಯಾರೋ ಕಿಸಕ್ಕೆಂದಿದ್ದರು.

“ನಾನೇನು ಹಿಟ್ಟಿನ ಮೂಟೇನಾ? ನಾನಾಗೇ ಹತ್ತೋಕಾಗೋ ಗಾಡಿ ಬರೋವರೆಗೂ ಹೊಸಿಲು ದಾಟಲ್ಲ” ಎಂದವಳು ಮತ್ತೆ ಬೀದಿಗೆ ಕಾಲಿಟ್ಟಿರಲಿಲ್ಲ. ಸಮುದ್ರ ನೋಡಬೇಕೆಂಬುದು ಅವಳ ಆಸೆ. ನಾಲ್ಕು ಗಂಟೆಯ ದಾರಿ. ಟೇಪಮ್ಮ ಮಾತು ಕೊಟ್ಟಾಗಿತ್ತು, ಕರೆದುಕೊಂಡು ಹೋಗುವೆನೆಂದು.

ಭಾವ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಕಣ್ಣು ಮಂಜು, ಬಾಯಿ ಮಾತ್ರ ಚುರುಕು. ಟೇಪಮ್ಮನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರೂ ಅವರೇ.

“ನೋಡಮ್ಮಾ, ಹಳೇ ಕಾರು ನೋಡೋಕೆ ಬೆಳಿಗ್ಗೇನೇ ಹೋಗ್ಬೇಕು. ಮೊದಲು ಬಾನೆಟ್ ಮೇಲೆ ಕೈ ಇಡು. ಬೆಚ್ಚಗಿದ್ರೆ ಅವನು ನೀನು ಬರೋ ಮುಂಚೆ ಸ್ಟಾರ್ಟ್ ಮಾಡಿದ್ದಾನೆ ಅಂತ ಅರ್ಥ. ಯಾಕೆ ಮಾಡ್ದ? ತಣ್ಣಗಿದ್ದಾಗ ಅದು ಕೆಮ್ಮುತ್ತೆ, ಅದಕ್ಕೇ! ಮ್ಯಾಟ್ ಎತ್ತಿ ಮೂಸು, ನೀರು ನುಗ್ಗಿದ ಗಾಡಿ ವಾಸನೆ ಮುಚ್ಚಿಡಕ್ಕಾಗಲ್ಲ. ಇಷ್ಟ ಆದ್ರೂ ಮುಖದಲ್ಲಿ ತೋರಿಸ್ಬೇಡ. ಆಮೇಲೆ, ದೇವರಾಣೆಗೂ, ಸೀಟ್ ಕವರ್ ನೋಡಿ ಮರುಳಾಗ್ಬೇಡ.”

“ಅಯ್ಯೋ, ನಾನೇನು ಮಗೂನಾ ಭಾವ?” ಎಂದಳು ಟೇಪಮ್ಮ.

ಅವಳ ಬಳಿ ಭಾವನಿಗೂ ಹೊಳೆಯದ ಉಪಾಯವೊಂದಿತ್ತು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಕಾಲು ನೀಡಿಸಿ, ಸೊಂಟದಿಂದ ಹಿಮ್ಮಡಿಯವರೆಗೆ ಅಳತೆ ತೆಗೆದಳು: ಮೂವತ್ತೆಂಟು ಇಂಚು. ಅದನ್ನು ಗಿರಾಕಿಗಳ ಪುಸ್ತಕದಲ್ಲೇ ಬರೆದುಕೊಂಡಳು.

ಮೊದಲು ನೋಡಿದ ಕಾರಿನ ಬಾನೆಟ್ಟು ಬೆಚ್ಚಗಿತ್ತು. ಕೈ ಹಿಂದೆಗೆದುಕೊಂಡು, “ಬರ್ತೀನಿ ಸ್ವಾಮಿ” ಎಂದು ಬಂದೇಬಿಟ್ಟಳು. ಎರಡನೆಯದು ಹಲ್ಲಿನ ಡಾಕ್ಟರೊಬ್ಬರ ನೀಲಿ ಕಾರು. ಬಾನೆಟ್ ತಣ್ಣಗಿತ್ತು, ಮ್ಯಾಟಿನಡಿ ಒಣಗಿತ್ತು, ಕಾಗದಪತ್ರವೆಲ್ಲ ಸರಿಯಿತ್ತು. ಜೊತೆಗೆ ಬಂದಿದ್ದ ಗ್ಯಾರೇಜಿನವನು ಕಾರಿನಡಿ ತೂರಿ ಎದ್ದು, “ತಗೊಳ್ಳಿ, ಕಣ್ಮುಚ್ಕೊಂಡು ತಗೊಳ್ಳಿ” ಎಂದ. ಟೇಪಮ್ಮ ಎಡಗಡೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಟೇಪು ಹಿಡಿದಳು. ಒರಗುವ ಜಾಗದಿಂದ ಕಾಲಿಡುವ ಜಾಗದ ಕೊನೆವರೆಗೆ ನಲವತ್ತೆರಡು ಇಂಚು, ಅಕ್ಕನ ಕಾಲಿಗೆ ಧಾರಾಳ! ಡಾಕ್ಟರು ಕಣ್ಣು ಬಾಯಿ ಬಿಟ್ಟು ನೋಡಿದರು. ಕಾರಿನ ಹೊಟ್ಟೆಗೆ ಅಳತೆ ತೆಗೆಯುವವರನ್ನು ಅವರು ಕಂಡಿರಲಿಲ್ಲ.

ಸೀಟಿಗೆ ಕೆಂಪು ಮಖಮಲ್ಲಿನ ಕವರು. ಒಂದು ಹೊಲಿಗೆಯೂ ಸೊಟ್ಟಗಿಲ್ಲ. ಅದನ್ನು ಸವರುತ್ತ, “ಆಹಾ, ಎಂಥಾ ಕೈ ರೀ ಇದು!” ಎಂದುಬಿಟ್ಟಳು. ಮುಖದಲ್ಲಿ ತೋರಿಸುವುದು ಹಾಗಿರಲಿ, ಬಾಯಲ್ಲೇ ಹೇಳಿದ ಮೇಲೆ ಡಾಕ್ಟರು ಚೌಕಾಸಿಗೆ ಬಗ್ಗುತ್ತಾರೆಯೇ? ಹೇಳಿದ ಬೆಲೆಗೇ ಕಾರು ಬಂತು.

ಮಧ್ಯಾಹ್ನ ಬಾಗಿಲಲ್ಲಿ ಹಾರನ್ ಕೇಳಿ ಅಕ್ಕ ಹೊರಬಂದಳು. ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಬೆಳಗಿನಿಂದ ಕಾದು ಕೂತಿದ್ದಳು. ಕಾರಿಗೆ ಬೆನ್ನು ಮಾಡಿ ಸೀಟಿನಂಚಿಗೆ ಕುಳಿತಳು. ಬಲಗಾಲು ಒಳಬಂತು. ಎಡಗಾಲು ನೆಟ್ಟಗೆ ಚಾಚಿಕೊಂಡು ಕಾರಿನ ಬಾಗಿಲ ಚೌಕಟ್ಟಿನ ಕಂಬಕ್ಕೆ ತಾಗಿ ನಿಂತಿತು. ಇನ್ನೊಂದು ಗೇಣು ಒಳಕ್ಕೆ ಜರುಗಿದರೆ ಕಾಲು ಬರುತ್ತಿತ್ತು. ಆ ಹಾಳು ಮಖಮಲ್ಲು ಅವಳ ಬಟ್ಟೆಯನ್ನು ಕಚ್ಚಿ ಹಿಡಿದಿತ್ತು. ಎರಡು ಸಲ, ಮೂರು ಸಲ ಪ್ರಯತ್ನಿಸಿದಳು. ಹಣೆಯಲ್ಲಿ ಬೆವರು ಬಂತು.

“ಸ್ವಲ್ಪ ಎತ್ತಲಾ?” ಎಂದರು ಭಾವ.

“ಮುಟ್ಟಿದ್ರೆ ನೋಡಿ!”

ಟೇಪಮ್ಮನಿಗೆ ಆಗ ಅರ್ಥವಾಯಿತು. ಕೂತ ಮೇಲಿನ ಅಳತೆ ತೆಗೆದಿದ್ದಳೇ ಹೊರತು ಕೂರುವಾಗಿನದ್ದಲ್ಲ. ಯಾರಿಗೂ ಹಾಕಿಸಿ ಟ್ರಯಲ್ ನೋಡದೆ ಬಟ್ಟೆ ಕೊಟ್ಟವಳಲ್ಲ, ಸ್ವಂತ ಅಕ್ಕನಿಗೆ ಟ್ರಯಲ್ ಇಲ್ಲದೆ ಕಾರು ತಂದಿದ್ದಳು! ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೇಬಿಟ್ಟಳು.

ಅಕ್ಕ ಅವಳನ್ನೇ ನೋಡಿದಳು. ಮೆಲ್ಲಗೆ ನಗುವಿಗೆ ಅಕ್ಕನ ಹೊಟ್ಟೆ ಕುಲುಕತೊಡಗಿತು. “ಇದು ಅದೇ ಗೌನು ಕಣೇ!”

ಟೇಪಮ್ಮ ಹನ್ನೆರಡು ವರ್ಷದವಳಿದ್ದಾಗ ಮೊದಲ ಬಾರಿ ಹೊಲಿದದ್ದು ಅಕ್ಕನಿಗೊಂದು ಗೌನು. ಎದೆ, ಸೊಂಟ, ಉದ್ದ, ಎಲ್ಲ ಸರಿ. ಕತ್ತಿನ ಬಳಿ ಬಿಚ್ಚಲು ಜಾಗ ಬಿಡುವುದೊಂದನ್ನು ಮರೆತಿದ್ದಳು. ತಲೆ ತೂರದೆ ಅಕ್ಕ ಗೌನಿನೊಳಗೇ ಸಿಕ್ಕಿಕೊಂಡು ಮನೆ ತುಂಬ ಗೋಡೆಗೆ ಡಿಕ್ಕಿ ಹೊಡೆದಿದ್ದಳು.

“ನಲವತ್ತು ವರ್ಷ ಆದ್ರೂ ನಿಂಗೆ ಬುದ್ಧಿ ಬರ್ಲಿಲ್ವಲ್ಲೇ” ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಳುತ್ತಿದ್ದವಳಿಗೂ ನಗು ತಡೆಯಲಾಗಲಿಲ್ಲ. ನಗುತ್ತ ಮೂಗು ಒರೆಸಿಕೊಳ್ಳುವಾಗ ತಟ್ಟನೆ ಹೊಳೆಯಿತು. ಬಿಗಿ ತೋಳಿನ ಉಣ್ಣೆ ಕೋಟು ಮೈಗೆ ಹತ್ತದಿದ್ದರೆ ಏನು ಮಾಡುತ್ತೀ ಟೇಪಮ್ಮಾ? ಒಳಗೆ ನುಣುಪು ಬಟ್ಟೆಯ ಲೈನಿಂಗ್ ಕೊಡುತ್ತೀ!

ತನ್ನ ಹೊಲಿಗೆ ಅಂಗಡಿಗೆ ಓಡಿ ಕಪ್ಪು ಸ್ಯಾಟಿನ್ ಬಟ್ಟೆ ಕತ್ತರಿಸಿ, ಎರಡು ಪದರ ಮಾಡಿ ಹೊಲಿದು, ಕಟ್ಟಲು ಲಾಡಿ ಇಟ್ಟು ಅರ್ಧ ಗಂಟೆಯಲ್ಲಿ ಮರಳಿದಳು. ಅದನ್ನು ಮಖಮಲ್ಲಿನ ಮೇಲೆ ಬಿಗಿದಳು. ಅಕ್ಕ ಮತ್ತೆ ಬೆನ್ನು ಮಾಡಿ ಕುಳಿತು ಬಲಗಾಲಿಂದ ಒಂದೇ ಒಂದು ಸಲ ನೂಕಿಕೊಂಡಳು. ಸರ್ರನೆ ಜಾರಿದ ರಭಸಕ್ಕೆ ಗೇರಿನ ಹತ್ತಿರವೇ ಹೋಗಿ ಬಿದ್ದಳು. “ಅಯ್ಯಯ್ಯೋ, ನಾನೇ ಓಡಿಸ್ಬೇಕೇನೇ?” ಎಂದು ಕಿರುಚಿದಳು. ಎಡಗಾಲು ಕಂಬ ದಾಟಿ ಒಳಬಂದಿತ್ತು.

“ಈಗ ನೆಟ್ಟಗೆ ಕೂತು ಬೆಲ್ಟ್ ಹಾಕು, ಇಲ್ದಿದ್ರೆ ಬ್ರೇಕ್ ಹಾಕಿದಾಗ ಮುಂದಕ್ಕೂ ಜಾರ್ತೀಯ” ಎಂದು ಹಿಂದಿನ ಸೀಟು ಹತ್ತಿದ ಭಾವ ಎಚ್ಚರಿಸಿದರು. “ಸಮುದ್ರಕ್ಕೆ ನಾಳೆ ಬೆಳಿಗ್ಗೆ ಹೊರಡೋಣ. ಅದಕ್ಕೆ ಮುಂಚೆ ಟೈರಿಗೆ ಗಾಳಿ, ಇಂಜಿನ್ನಿಗೆ ಆಯಿಲ್ ನೋಡಿಸ್ಬೇಕು. ಸ್ಟೆಪ್ನಿ ಪರೀಕ್ಷೆ ಮಾಡ್ದೆ ದೂರ ಹೋಗ್ಬಾರ್ದು.”

“ಆಯ್ತು. ಈಗ ಟ್ಯಾಕ್ಸಿ ಸ್ಟ್ಯಾಂಡ್ ಕಡೆ ನಡಿ” ಎಂದಳು ಅಕ್ಕ.

ಟೇಪಮ್ಮ ತುಟಿ ಕಚ್ಚಿ ಓಡಿಸಿದಳು. ಸ್ಟ್ಯಾಂಡಿನಲ್ಲಿ ಆರೇಳು ಡ್ರೈವರುಗಳು ಹರಟುತ್ತ ನಿಂತಿದ್ದರು. ಅವತ್ತು ಎತ್ತಿದವನೂ ಇದ್ದ. ಅಕ್ಕ ನಿಲ್ಲಿಸಲು ಹೇಳಿದಳು. ಬಾಗಿಲು ತೆರೆದು, ಕೋಲೂರಿ, ತಾನೇ ಇಳಿದಳು. ಬಟ್ಟೆಯ ನೆರಿಗೆ ಸರಿಮಾಡಿಕೊಂಡಳು. ಆ ಡ್ರೈವರು ಗುರುತು ಹಿಡಿದು ಸಹಾಯಕ್ಕೆ ಎರಡು ಹೆಜ್ಜೆ ಮುಂದೆ ಬಂದ.

“ಬೇಡಪ್ಪ, ನೀನು ಅಲ್ಲೇ ನಿಂತು ನೋಡು” ಎಂದಳು ಅಕ್ಕ.

ಬೆನ್ನು ಮಾಡಿ ಕುಳಿತಳು, ಜಾರಿದಳು, ಕಾಲು ಒಳಗೆಳೆದುಕೊಂಡಳು, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಬಾಗಿಲು ಹಾಕಿದಳು. ಯಾರೂ ನಗಲಿಲ್ಲ. ಆ ಡ್ರೈವರು ಮಾತ್ರ ತಲೆಯ ಮೇಲಿನ ಟೋಪಿ ತೆಗೆದು ನಿಂತಿದ್ದ.

ಟೇಪಮ್ಮನ ಕಣ್ಣು ತುಂಬಿ ಮುಂದಿನ ರಸ್ತೆಯೇ ಕಾಣದಾಯಿತು.

“ಕಣ್ಣೊರೆಸ್ಕೊಂಡು ಓಡಿಸೇ” ಎಂದಳು ಅಕ್ಕ, ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ. “ನಾಳೆ ಸಮುದ್ರದ ಹತ್ರಾನೂ ಎರಡು ಸಲ ಇಳಿದು ಹತ್ತಬೇಕು ನಾನು.”